ಪ್ರಾಜೋಸಿನ್ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ಯೋಧರ ದುಃಸ್ವಪ್ನಕ್ಕೆ ಮದ್ದಿಲ್ಲ’ ಲೇಖನ ಓದಿದೆವು. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಸಲೀಸಾಗಿದೆ, ವಿಷಯವೂ ಬೇಕಾದದ್ದೇ; ಕೆಟ್ಟಿರುವುದು ತೀರ್ಮಾನ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕೆಟ್ಟ ಕನಸಿಗೆ ಪ್ರಾಜೋಸಿನ್ ಮದ್ದು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು, ಮದ್ದಿಗೂ ಹುಸಿ ಗುಳಿಗೆಗೂ ವ್ಯತ್ಯಾಸ ಕಾಣಲಿಲ್ಲ, ಆದ್ದರಿಂದ ಯುದ್ಧ ಕಂಡವರ ಪಿಟಿಎಸ್‌ಡಿಗೆ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಗೆ) ಮದ್ದೇ ಇಲ್ಲ ಎನ್ನುತ್ತೀರಿ. ಮೊದಲ ಎರಡು ಮಾತು ಸರಿ. ಮೂರನೆಯದಕ್ಕೆ ಆಧಾರವಿಲ್ಲ.

ಶುರುವಿನ ಎರಡು ಪುಟ ತೆಗೆದುಬಿಡಿ. ವಿಯೆಟ್ನಾಂ ಕಾಡು, ಹೆಲಿಕಾಪ್ಟರ್ ಸದ್ದು, ಬೆವರಿಗೆ ಒದ್ದೆಯಾದ ಹಾಸಿಗೆ, ಇವೆಲ್ಲ ನೀವು ಸಿನಿಮಾದಲ್ಲಿ ನೋಡಿದ್ದು ಎಂದು ಓದುಗರಿಗೆ ಥಟ್ಟನೆ ಗೊತ್ತಾಗುತ್ತದೆ. ಆ ಜಾಗಕ್ಕೆ ಗುಳಿಗೆ ಬರಲಿ. ಪ್ರಾಜೋಸಿನ್ ಬಿಪಿ ಇಳಿಸಲೆಂದು ಬಂದ ಹಳೆಯ ಮದ್ದು. ದೇಹವನ್ನು ಎಚ್ಚರದಲ್ಲಿಡುವ ರಾಸಾಯನಿಕವಾದ ನೋರ್‌ಅಡ್ರಿನಲಿನ್ ಹೋಗಿ ಕೂರುವ ಆಲ್ಫಾ-1 ಗ್ರಾಹಕಗಳನ್ನು ಅದು ತಡೆಯುತ್ತದೆ, ರಕ್ತನಾಳದಲ್ಲಷ್ಟೇ ಅಲ್ಲ, ಮಿದುಳಿನಲ್ಲೂ. ನಿದ್ದೆಯಲ್ಲೂ ಆರದ ಎಚ್ಚರವನ್ನು ಇದು ತಗ್ಗಿಸೀತು ಎಂಬ ಲೆಕ್ಕದಲ್ಲಿ ಸಿಯಾಟಲ್‌ನ ಮನೋವೈದ್ಯ ಮರ್ರೆ ರಾಸ್ಕಿಂಡ್ ತಂಡ 2003ರಲ್ಲಿ 10 ಮಂದಿ ವಿಯೆಟ್ನಾಂ ಯೋಧರಲ್ಲಿ, 2007ರಲ್ಲಿ 40 ಮಂದಿ ಮಾಜಿ ಸೈನಿಕರಲ್ಲಿ, 2013ರಲ್ಲಿ ಇನ್ನೂ ಸೇವೆಯಲ್ಲಿದ್ದ 67 ಮಂದಿಯಲ್ಲಿ ನಡೆಸಿದ ಪ್ರಯೋಗಗಳು ಪ್ರಕಟವಾದವು. ಮೂರರಲ್ಲೂ ಕೆಟ್ಟ ಕನಸು ಕಡಿಮೆಯಾಯಿತು. ಈ ಮೂರನ್ನೂ ನೀವು ‘ಹಿಂದಿನ ಅಧ್ಯಯನಗಳು ಭರವಸೆ ಮೂಡಿಸಿದ್ದವು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಲೇಖನದ ಗಂಟು ಇರುವುದೇ ಅಲ್ಲಿ. ಮೂರು ಸಲ ಗೆದ್ದ ಮದ್ದು 304 ಮಂದಿ, 13 ಆಸ್ಪತ್ರೆ, 26 ವಾರದ ದೊಡ್ಡ ಪ್ರಯೋಗದಲ್ಲಿ ಯಾಕೆ ಸೋತಿತು?

ಉತ್ತರಕ್ಕೆ ಫಲಿತಾಂಶದ ಪಟ್ಟಿ ಸಾಲದು, ಒಳಗೆ ಯಾರನ್ನು ಸೇರಿಸಿಕೊಂಡರು ಎಂಬ ಭಾಗ ಓದಬೇಕು. ದೊಡ್ಡ ಪ್ರಯೋಗ ಶುರುವಾಗುವ ಹೊತ್ತಿಗೆ ಆ ಆಸ್ಪತ್ರೆಗಳ ವೈದ್ಯರು ಪ್ರಾಜೋಸಿನ್ ಬರೆಯುವುದು ಮಾಮೂಲಾಗಿತ್ತು. ರಾತ್ರಿಯೆಲ್ಲ ಕಿರುಚಿ ಏಳುವ ರೋಗಿ ಎದುರಿಗೆ ಕೂತಿರುವಾಗ, ಅರ್ಧದಷ್ಟು ಜನರಿಗೆ ತಿಂಗಳುಗಟ್ಟಲೆ ಹುಸಿ ಗುಳಿಗೆ ಸಿಗುವ ಕಡೆಗೆ ಯಾವ ವೈದ್ಯ ಕಳಿಸುತ್ತಾನೆ? ನೇರವಾಗಿ ಚೀಟಿ ಬರೆದುಕೊಡುತ್ತಾನೆ. ಬದುಕು ತೀರಾ ಅಸ್ತವ್ಯಸ್ತವಾಗಿದ್ದವರನ್ನು ಪ್ರಯೋಗದ ನಿಯಮವೇ ಹೊರಗಿಟ್ಟಿತ್ತು. ಉಳಿದವರು ಹೆಚ್ಚಾಗಿ ಒಂದು ಹದಕ್ಕೆ ಬಂದಿದ್ದವರು. ಅಂಥವರಲ್ಲಿ ಈ ಮದ್ದು ತಡೆಯಬೇಕಾದ ನೋರ್‌ಅಡ್ರಿನಲಿನ್ ಅಬ್ಬರವೇ ಕಡಿಮೆ ಇದ್ದಿರಬಹುದು. ಇದನ್ನು ಸಂಶೋಧಕರೇ ತಮ್ಮ ವರದಿಯಲ್ಲಿ ಹೇಳಿದ್ದಾರೆ. 67 ಸೈನಿಕರ ಅಂಕಿಗಳನ್ನು ಆಮೇಲೆ ಮತ್ತೆ ನೋಡಿದಾಗ, ಮದ್ದಿಗೆ ಮೊದಲೇ ಬಿಪಿ ಹೆಚ್ಚಿದ್ದವರಿಗೆ ಹೆಚ್ಚು ಗುಣ ಕಂಡಿದ್ದೂ ಇದಕ್ಕೆ ಹೊಂದುತ್ತದೆ. ಆದರೆ ಜೋಪಾನ: ಸೋತ ಮೇಲೆ ಹುಡುಕಿದ ಕಾರಣ ಇದು. ‘ಇರಬಹುದು’ ಎಂದೇ ಬರೆಯಿರಿ, ‘ಸಾಬೀತಾಗಿದೆ’ ಎನ್ನಬೇಡಿ.

‘ಶೂನ್ಯ ಪರಿಣಾಮ’ ಎಂದೂ ಬರೆದಿದ್ದೀರಿ. ಅಳತೆ ಹೇಗಾಯಿತು ಎಂದು ಹೇಳದೆ ಈ ಮಾತಿಗೆ ಬೆಲೆಯಿಲ್ಲ. ಕನಸಿನ ಪ್ರಶ್ನೆಗೆ ಎಷ್ಟು ಸಲ ಬಿತ್ತು ಎಂಬುದಕ್ಕೆ 0ರಿಂದ 4, ಎಷ್ಟು ಕಾಡಿತು ಎಂಬುದಕ್ಕೆ 0ರಿಂದ 4, ಒಟ್ಟು 8 ಅಂಕ. ಹತ್ತನೇ ವಾರ ಎರಡು ಗುಂಪಿನ ನಡುವಿನ ವ್ಯತ್ಯಾಸ 0.2. ಅಂದಾಜಿನ ವ್ಯಾಪ್ತಿ ಸೊನ್ನೆಯ ಆಚೆಗೂ ಈಚೆಗೂ ಹರಡಿತ್ತು, ಮೈನಸ್ 0.3ರಿಂದ 0.8ರವರೆಗೆ. ಅಂದರೆ ವ್ಯತ್ಯಾಸ ಇದೆ ಎನ್ನಲೂ ಆಗದು, ಇಲ್ಲವೇ ಇಲ್ಲ ಎನ್ನಲೂ ಆಗದು. ಇನ್ನೊಂದು ಸಂಗತಿ ನೀವು ಬಿಟ್ಟೇಬಿಟ್ಟಿದ್ದೀರಿ: ಹುಸಿ ಗುಳಿಗೆಯವರೂ ಸುಧಾರಿಸಿದ್ದರು. ಆಗಾಗ ಯಾರೋ ಕೂರಿಸಿಕೊಂಡು ವಿಚಾರಿಸಿದ್ದೂ ಕೆಲಸ ಮಾಡಿರಬಹುದು.

ಡೋಸಿನ ಸಾಲು ತಪ್ಪು. ‘ದಿನಕ್ಕೆ 20 ಮಿಗ್ರಾಂ ಕೊಡಲಾಯಿತು’ ಅಲ್ಲ. ಮಲಗುವಾಗ 1 ಮಿಗ್ರಾಂನಿಂದ ಶುರು, ವಾರಗಳ ಮೇಲೆ ಹಂತಹಂತವಾಗಿ ಏರಿಕೆ. ಗಂಡಸರಿಗಿದ್ದ ಮಿತಿ ದಿನಕ್ಕೆ 20 ಮಿಗ್ರಾಂ, ಹೆಂಗಸರಿಗೆ 12. ಹೀಗೆ ನಿಧಾನಕ್ಕೆ ಏರಿಸಲು ಕಾರಣ ಮೊದಲ ಡೋಸ್. ಆಗ ಬಿಪಿ ಧಸಕ್ಕನೆ ಇಳಿದು, ರಾತ್ರಿ ಮೂತ್ರಕ್ಕೆ ಎದ್ದವರು ಬೀಳುವ ಅಪಾಯವಿದೆ. ಕೆಲವು ದಿನ ಗುಳಿಗೆ ತಪ್ಪಿದರೂ ಮತ್ತೆ ಕೆಳಗಿನಿಂದಲೇ ಹತ್ತಬೇಕು. ಇದೇ ತಲೆಸುತ್ತು ಇನ್ನೊಂದು ತೊಡಕು ತರುತ್ತದೆ: ತನಗೆ ಸಿಕ್ಕಿದ್ದು ನಿಜವಾದ ಮದ್ದೇ ಎಂದು ರೋಗಿ ಊಹಿಸಿಬಿಡಬಹುದು, ಯಾರಿಗೆ ಯಾವ ಗುಳಿಗೆ ಎಂಬ ಗುಟ್ಟು ಒಡೆಯುತ್ತದೆ. 2024ರಲ್ಲಿ ಪಿಟಿಎಸ್‌ಡಿಗೆಂದು ಪರೀಕ್ಷಿಸಿದ್ದ ಎಂಡಿಎಂಎ ಎಂಬ ಮತ್ತಿನ ಮದ್ದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡದೆ ಇದ್ದಾಗ ಚರ್ಚೆಯಾದ ದೊಡ್ಡ ಆಕ್ಷೇಪಗಳಲ್ಲಿ ಇದೂ ಒಂದು.

ಎಲ್ಲಕ್ಕಿಂತ ಗಂಭೀರ ತಪ್ಪು ಅಡ್ಡಪರಿಣಾಮದ ಪ್ಯಾರಾದಲ್ಲಿದೆ. ಪ್ರಾಜೋಸಿನ್ ತೆಗೆದುಕೊಂಡವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಿತು ಎಂದಿದ್ದೀರಿ. ಪಟ್ಟಿಯನ್ನು ತಿರುವುಮುರುವು ಓದಿದ್ದೀರಿ. ಅಂಥ ಯೋಚನೆ ಹೊಸದಾಗಿ ಬಂದದ್ದು ಅಥವಾ ಉಲ್ಬಣಿಸಿದ್ದು ಪ್ರಾಜೋಸಿನ್ ಗುಂಪಿನಲ್ಲಿ ಶೇ 8, ಹುಸಿ ಗುಳಿಗೆ ಗುಂಪಿನಲ್ಲಿ ಶೇ 15. ಇದನ್ನು ಓದಿ ಯಾರಾದರೂ ಗುಳಿಗೆ ನಿಲ್ಲಿಸಿದರೆ ಹೊಣೆ ಯಾರದು?

‘ಮದ್ದೇ ಇಲ್ಲ’ ಎಂಬುದಕ್ಕೆ ಬರೋಣ. ಖಿನ್ನತೆಗೂ ಕೊಡುವ ಎರಡು ಮದ್ದುಗಳನ್ನು ಎಫ್‌ಡಿಎ ಪಿಟಿಎಸ್‌ಡಿಗೂ ಒಪ್ಪಿದೆ: ಸರ್ಟ್ರಲಿನ್ 1999ರಲ್ಲಿ, ಪ್ಯಾರಾಕ್ಸೆಟಿನ್ 2001ರಲ್ಲಿ. ಮಾಜಿ ಸೈನಿಕರಲ್ಲಿ ಅವು ಅಷ್ಟು ಚೆನ್ನಾಗಿ ನಡೆದಿಲ್ಲ ಎಂಬುದು ನಿಜ. 169 ಮಂದಿಯ ಸರ್ಟ್ರಲಿನ್ ಪ್ರಯೋಗದಲ್ಲೂ ಮೇಲುಗೈ ಕಾಣಲಿಲ್ಲ. ಅದನ್ನು ಬರೆಯಿರಿ. ಜೊತೆಗೆ, ಅಮೆರಿಕದ ಸೇನಾ ಚಿಕಿತ್ಸಾ ಮಾರ್ಗಸೂಚಿ 2017ರಲ್ಲಿ ಕೆಟ್ಟ ಕನಸಿಗೆ ಪ್ರಾಜೋಸಿನ್ ಪರವಾಗಿಯೋ ವಿರುದ್ಧವಾಗಿಯೋ ಹೇಳಲು ಪುರಾವೆ ಸಾಲದು ಎಂದದ್ದು, 2023ರಲ್ಲಿ ಅದನ್ನು ಕೊಡಬಹುದು ಎಂದು ದುರ್ಬಲ ಶಿಫಾರಸು ಮಾಡಿತು. ನಿಮ್ಮ ಲೇಖನ 2018ಕ್ಕೇ ನಿಂತಿದೆ.

ಕೊನೆಯಲ್ಲಿ ಕೊಡಗಿನ ಮಾಜಿ ಸೈನಿಕರು ಬಂದದ್ದು ಯಾಕೆ? ಕೊಡಗಿಗೂ ಸೈನ್ಯಕ್ಕೂ ನಂಟಿದೆ, ಈ ಪ್ರಯೋಗಕ್ಕೂ ಕೊಡಗಿಗೂ ಇಲ್ಲ. ಭಾರತದ ಮಾತು ಬೇಕೇ ಬೇಕೆಂದರೆ ಸಿಟಿಆರ್‌ಐ ನೋಂದಣಿ ಪಟ್ಟಿಯಲ್ಲಿ ಹುಡುಕಿ. 2009ರ ಜೂನ್‌ನಿಂದ ಇಲ್ಲಿನ ಔಷಧ ಪ್ರಯೋಗಗಳನ್ನು ಅಲ್ಲಿ ದಾಖಲಿಸುವುದು ಕಡ್ಡಾಯ. ಏನೂ ಸಿಗದಿದ್ದರೆ ಆ ಪ್ಯಾರಾ ಬೇಡ.

ತಿದ್ದಿ 1,200 ಪದದೊಳಗೆ ಕಳಿಸಿ. ಅದಕ್ಕೂ ಮೊದಲು ಒಬ್ಬ ಮನೋವೈದ್ಯರಿಂದ ಡೋಸಿನ ಸಾಲುಗಳನ್ನು ಓದಿಸಿ. ತಲೆ ಹಿಡಿದು ಕೂತ ಸೈನಿಕನ ಚಿತ್ರ ಬೇಡ. ನಾಲ್ಕೂ ಪ್ರಯೋಗಗಳ ವರ್ಷ, ಜನ, ಫಲಿತಾಂಶದ ಚಿಕ್ಕ ಪಟ್ಟಿ ಮಾಡಿಕೊಡಿ, ಹಾಕುತ್ತೇವೆ.

ಸಂಪಾದಕರು