ಪೈಲಟ್ ಮತ್ತು ಕಂಟ್ರೋಲ್ ಟವರ್ ನಡುವೆ ಮಾತು ತಪ್ಪಾಗಿ ಅರ್ಥವಾಗುವುದು ಹೇಗೆ?

ಕಿವಿ ತಾನು ಕಾಯುತ್ತಿದ್ದ ಮಾತನ್ನೇ ಕೇಳಿಸಿಕೊಳ್ಳುತ್ತದೆ, ಅದೇ ದೊಡ್ಡ ಅಪಾಯ.

1977ರ ಮಾರ್ಚ್ 27, ಟೆನೆರಿಫ್ ದ್ವೀಪ, ದಟ್ಟ ಮಂಜು. ಕೆಎಲ್‌ಎಂ ವಿಮಾನದಿಂದ 'ವಿ ಆರ್ ನೌ ಅಟ್ ಟೇಕಾಫ್' ಎಂಬ ಮಾತು ಬಂತು. ಅದರ ಪೈಲಟ್‌ಗಳು ಆಗಲೇ ರನ್‌ವೇಯಲ್ಲಿ ಓಟ ಶುರು ಮಾಡಿದ್ದರು. ಹೊರಡಲು ಸಿದ್ಧರಾಗಿ ನಿಂತಿದ್ದಾರೆ ಎಂದುಕೊಂಡ ಟವರ್ 'ಓಕೆ' ಎಂದಿತು. 'ಕಾಯಿರಿ, ನಾನೇ ಕರೆಯುತ್ತೇನೆ' ಎಂಬ ಮುಂದಿನ ಮಾತು, ಅದೇ ಕ್ಷಣ ಅದೇ ರನ್‌ವೇಯಲ್ಲಿದ್ದ ಪ್ಯಾನ್ ಆಮ್ ವಿಮಾನದ ಪೈಲಟ್ ಕೂಡ ಮಾತಾಡಿದ್ದರಿಂದ, ಕಿರ್ರೆನ್ನುವ ಸದ್ದಿನಲ್ಲಿ ಮುಳುಗಿತು. ಎರಡು ವಿಮಾನಗಳೂ ಡಿಕ್ಕಿಯಾಗಿ 583 ಜನ ಸತ್ತರು. ಆ 'ಓಕೆ' ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ 'ಟೇಕಾಫ್' ಪದ ಅನುಮತಿ ಕೊಡುವಾಗ ಇಲ್ಲವೇ ರದ್ದು ಮಾಡುವಾಗ ಮಾತ್ರ, ಉಳಿದಂತೆ 'ಡಿಪಾರ್ಚರ್'. ಅನುಮತಿಯನ್ನು ಪೈಲಟ್ ತಿರುಗಿ ಹೇಳಬೇಕು, ತಪ್ಪಿದ್ದರೆ ಟವರ್ ಕೂಡಲೇ ತಿದ್ದಬೇಕು.