ನೇಪಲ್ಸ್‌ಗೆ ಹೆದರಿದ್ದೆ, ಪಾಸ್‌ಪೋರ್ಟ್ ಹೋಗಿದ್ದು ರೋಮ್‌ನಲ್ಲಿ

ಅಪ್ಪ-ಅಮ್ಮನ ಜೊತೆ ಇಟಲಿಗೆ ಹೋದರೆ ನೇಪಲ್ಸ್ ಸೇಫಾ, ಇಲ್ಲಾ ರೋಮ್‌ನಲ್ಲೇ ಉಳಿದು ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ಊರು ಪಾಂಪೇಗೆ ಒಂದು ದಿನ ಹೋಗಿಬಂದರೆ ಸಾಕಾ, ಸಸ್ಯಾಹಾರಿಗಳು ಏನು ತಿನ್ನೋದು ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ. ಎಲ್ಲರೂ ಒಂದೇ ಮಾತು ಹೇಳಿದರು: ನೇಪಲ್ಸ್ ಕಳ್ಳರ ಊರು, ರಾತ್ರಿ ಉಳೀಬೇಡಿ. ಸರಿ ಅಂತ ರೋಮ್‌ನಲ್ಲೇ ರೂಮ್ ಮಾಡಿ, ನೇಪಲ್ಸ್-ಪಾಂಪೇ ಎರಡಕ್ಕೂ ಸೇರಿಸಿ ಒಂದೇ ದಿನ ಇಟ್ಟುಕೊಂಡೆ.

ರೋಮಿನ ಟರ್ಮಿನಿ ಸ್ಟೇಷನ್ನಿನಿಂದ ಫಾಸ್ಟ್ ಟ್ರೈನ್‌ನಲ್ಲಿ ನೇಪಲ್ಸ್‌ಗೆ ಒಂದು ಗಂಟೆ ಹತ್ತು ನಿಮಿಷ, ಅಷ್ಟೇ. ಅಲ್ಲಿ ಸ್ಟೇಷನ್ನಿನ ಕೆಳಗೆ ಇಳಿದರೆ ಪಾಂಪೇಗೆ ಹೋಗುವ ಚಿರ್ಕುಮ್‌ವೆಸುವಿಯಾನಾ ಅನ್ನೋ ಲೋಕಲ್ ರೈಲು. ಮೈತುಂಬ ಗೀಚಿದ ಬಣ್ಣ, ಒಳಗೆ ಸೆಕೆ, ಕಾಲಿಡೋಕೆ ಜಾಗ ಇಲ್ಲ. ನಮ್ಮ ಪ್ಯಾಸೆಂಜರ್ ಗಾಡಿನೇ ಅಂದುಕೊಳ್ಳಿ. ಜೇಬುಗಳ್ಳರಿಗೆ ಹೆಸರಾದ ರೈಲು ಅಂತ ಓದಿದ್ದೆ, ಹಾಗಾಗಿ ಎದೆಗೆ ಬ್ಯಾಗ್ ಅವುಚಿಕೊಂಡು, ಐದು ನಿಮಿಷಕ್ಕೊಂದು ಸಲ ಜಿಪ್ ಮುಟ್ಟಿ ನೋಡಿಕೊಳ್ಳುತ್ತಾ ನಿಂತಿದ್ದೆ. ಏನೂ ಆಗಲಿಲ್ಲ. ಒಬ್ಬ ಕಾಲೇಜು ಹುಡುಗಿ ಎದ್ದು ಅಮ್ಮನಿಗೆ ಸೀಟು ಬಿಟ್ಟುಕೊಟ್ಟಳು. ಪಾಂಪೇಯಲ್ಲಿ ರಸ್ತೆಯ ಕಲ್ಲಿನ ಮೇಲೆ ಗಾಡಿಚಕ್ರ ಸವೆಸಿದ ಗೆರೆ ಇದೆಯಲ್ಲ, ಅಮ್ಮ ಅದರಲ್ಲಿ ಬೆರಳಿಟ್ಟು ಆಳ ನೋಡಿದರು. ಬೇಕರಿಯಲ್ಲಿ ಆಳೆತ್ತರದ ಬೀಸೋಕಲ್ಲುಗಳನ್ನು ನೋಡಿ "ಇದನ್ನ ಮನುಷ್ಯರು ತಿರುಗಿಸ್ತಿದ್ರಾ?" ಅಂದರು. ಕತ್ತೆಗಳು ತಿರುಗಿಸ್ತಿದ್ದವಂತೆ. ಇನ್ನೂ ನೋಡೋದು ಬೇಕಾದಷ್ಟಿತ್ತು, ಆದರೆ ಕತ್ತಲಾಗೋ ಮುಂಚೆ ನೇಪಲ್ಸ್ ಬಿಡಬೇಕು ಅಂತ ನಾನೇ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟೆ.

ಟರ್ಮಿನಿಯಲ್ಲಿ ಇಳಿದಾಗ ಸಂಜೆ ಏಳೂವರೆ. ಅಬ್ಬಾ, ಸೇಫಾಗಿ ಬಂದೆವು ಅಂತ ನಿಟ್ಟುಸಿರು ಬಿಟ್ಟೆ. ಬ್ಯಾಗನ್ನು ಎದೆಯಿಂದ ಬೆನ್ನಿಗೆ ಹಾಕಿಕೊಂಡೆ, ಯಾಕೆಂದರೆ ಅಪ್ಪನ ಮಂಡಿ ನೋಯುತ್ತಿತ್ತು, ಎರಡೂ ಕೈ ಬೇಕಿತ್ತು. ಎ ಲೈನ್ ಮೆಟ್ರೋ ಬಂತು. ಮುಂದೆ ಇದ್ದ ಇಬ್ಬರು ಬಾಗಿಲಲ್ಲೇ ಗಕ್ಕನೆ ನಿಂತರು, ಹಿಂದಿನವರು ನೂಕಿದರು, ನಾನು ಅಪ್ಪನ ತೋಳು ಹಿಡಿದು ಒಳಗೆ ಹತ್ತಿಸಿದೆ. ಬಾಗಿಲು ಮುಚ್ಚೋ ಹೊತ್ತಿಗೆ ಆ ಇಬ್ಬರೂ ಇಳಿದುಬಿಟ್ಟರು. ಆಗಲೂ ನನಗೆ ಹೊಳೆಯಲಿಲ್ಲ. ಒತ್ತವಿಯಾನೋದಲ್ಲಿ ಇಳಿದು ರೂಮಿನ ಕೀ ತೆಗೆಯೋಕೆ ಹೋದರೆ ಜಿಪ್ ತೆರೆದಿದೆ, ಪೌಚ್ ಇಲ್ಲ.

ಇದನ್ನು ಕೇಳಿದವರೆಲ್ಲ "ಬ್ಯಾಗ್ ಹಿಂದೆ ಹಾಕಿಕೊಂಡಿದ್ದೇ ತಪ್ಪು" ಅನ್ನುತ್ತಾರೆ. ಅಲ್ಲ. ಅದು ಯಾರಿಂದಲಾದರೂ ಆಗುತ್ತೆ, ವಯಸ್ಸಾದವರು ಜೊತೆಗಿದ್ದರೆ ಆಗೇ ಆಗುತ್ತೆ. ನನ್ನ ತಪ್ಪು ಬೆಳಿಗ್ಗೆ ಆರೂವರೆಗೆ ಆಗಿತ್ತು. ನೇಪಲ್ಸ್‌ನಲ್ಲಿ ಹುಷಾರಾಗಿರಬೇಕು ಅಂತ ಎಲ್ಲವನ್ನೂ ಒಂದೇ ಪೌಚಿಗೆ ಹಾಕಿದೆ. ನನ್ನ ಪಾಸ್‌ಪೋರ್ಟ್, ವಿದೇಶಿ ದುಡ್ಡು ತುಂಬಿಸಿದ ಫಾರೆಕ್ಸ್ ಕಾರ್ಡ್, 350 ಯೂರೋ, ಜೊತೆಗೆ, ಇದು ಕೇಳಿ, ಫಾರೆಕ್ಸ್ ಕಾರ್ಡ್ ಕಳೆದರೆ ಇರಲಿ ಅಂತ ತಂದಿದ್ದ ಡೆಬಿಟ್ ಕಾರ್ಡೂ ಅದೇ ಪೌಚಿನಲ್ಲಿ! ಕಳೆದುಹೋದರೆ ಬೇಕಾಗೋದನ್ನು ಕಳೆದುಹೋಗೋದರ ಜೊತೆಗೇ ಇಟ್ಟಿದ್ದೆ. ಒಂದೇ ಕಡೆ ಇದ್ದರೆ ಒಂದೇ ಕಡೆ ಕಣ್ಣಿಟ್ಟರೆ ಸಾಕು ಅನ್ನೋದು ನನ್ನ ಲೆಕ್ಕ. ಕಳ್ಳನಿಗೂ ಅದೇ ಅನುಕೂಲ ಅಲ್ವಾ? ಸಾಲದ್ದಕ್ಕೆ ದಿನವಿಡೀ ಆ ಜಿಪ್ ಮುಟ್ಟಿ ಮುಟ್ಟಿ ದುಡ್ಡು ಎಲ್ಲಿದೆ ಅಂತ ಊರಿಗೆಲ್ಲ ತೋರಿಸಿಕೊಂಡು ಬಂದಿದ್ದೆ.

ಅಮ್ಮ ಹೊರಡೋ ಮುಂಚೆ ಬೆಂಗಳೂರಿನಲ್ಲೇ ಲಂಗಕ್ಕೆ ಒಳಜೇಬು ಹೊಲಿಸಿಕೊಂಡಿದ್ದರು, ಜಿಪ್ ಸಮೇತ. ನಾನು ಸಿಕ್ಕಾಪಟ್ಟೆ ನಕ್ಕಿದ್ದೆ. ಆ ರಾತ್ರಿ ಅವರು ಬಾತ್‌ರೂಮಿಗೆ ಹೋಗಿ, ಒಂದು ಹಾಲಿನ ಕವರ್ ಹಿಡಿದುಕೊಂಡು ಹೊರಗೆ ಬಂದರು. ತೊಳೆದು ಒಣಗಿಸಿದ ಕವರ್. ಅದರೊಳಗೆ ಅವರಿಬ್ಬರ ಪಾಸ್‌ಪೋರ್ಟ್, ನಾಲ್ಕು ಮಡಿಕೆ ಮಾಡಿದ 400 ಯೂರೋ. ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅವತ್ತು ಶುಕ್ರವಾರ. ಪೊಲೀಸ್ ದೂರಿನ ಪ್ರತಿ ಸಿಕ್ಕಿತು, ಅದಕ್ಕೆ ಅಲ್ಲಿ ದೆನುಂಚಿಯಾ ಅನ್ನುತ್ತಾರೆ. ಅದಿಲ್ಲದೆ ಮುಂದೆ ಯಾವ ಕೆಲಸವೂ ಆಗಲ್ಲ. ರಾಯಭಾರ ಕಚೇರಿಗೆ ಸೋಮವಾರದ ತನಕ ಕಾಯಬೇಕಾಯಿತು. ಅಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟರು. ಆದರೆ ಅದು ಭಾರತಕ್ಕೆ ವಾಪಸ್ ಹೋಗೋಕೆ ಮಾತ್ರ, ಯುರೋಪ್ ಓಡಾಡೋಕೆ ಬೇಕಾದ ಷೆಂಗೆನ್ ವೀಸಾ ಪಾಸ್‌ಪೋರ್ಟ್ ಜೊತೆಗೇ ಹೋಗಿತ್ತು. ಫ್ಲಾರೆನ್ಸ್, ವೆನಿಸ್ ಬುಕಿಂಗ್ ಹೋಯಿತು, ಪ್ಯಾರಿಸ್‌ನಿಂದ ಇದ್ದ ವಾಪಸ್ ಟಿಕೆಟ್ ಹೋಯಿತು, ರೋಮ್‌ನಿಂದ ಹೊಸ ಟಿಕೆಟ್ ಮೂವರಿಗೂ.

ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಊರಿಗೆ ಬಂದ ಮೇಲೆ ಗೊತ್ತಾಯಿತು, ಪಾಂಪೇಯ ಬೂದಿಯಡಿ 1938ರಲ್ಲಿ ಒಂದು ದಂತದ ಗೊಂಬೆ ಸಿಕ್ಕಿತ್ತು. ಗೇಣುದ್ದದ್ದು, ನಮ್ಮ ದೇಶದ್ದು. ಪಾಂಪೇ ಲಕ್ಷ್ಮಿ ಅನ್ನುತ್ತಾರೆ, ಯಕ್ಷಿ ಇರಬೇಕು ಅನ್ನೋ ವಿದ್ವಾಂಸರೂ ಇದ್ದಾರೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿಯೋ ಮುಂಚೆಯೇ ಅಷ್ಟು ದೂರ ಹೋಗಿ ಒಬ್ಬರ ಮನೆಯಲ್ಲಿ ಕೂತಿತ್ತು. ಈಗ ಇರೋದು ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂನಲ್ಲಿ. ಅಲ್ಲಿಗೆ ನಾವು ಹೋಗಲೇ ಇಲ್ಲ, ಕತ್ತಲಾಗುತ್ತೆ ಅಂತ.

ಅದಕ್ಕೇ ಹೇಳೋದು, "ನೇಪಲ್ಸ್ ಸೇಫಾ" ಅನ್ನೋ ಪ್ರಶ್ನೆಯೇ ಸರಿ ಇಲ್ಲ. ಎರಡು ರಾತ್ರಿ ಅಲ್ಲೇ ಉಳಿಯಿರಿ. ಸ್ಟೇಷನ್ ಮುಂದಿನ ಗರಿಬಾಲ್ಡಿ ಚೌಕದ ಸುತ್ತ ಬೇಡ, ನಮ್ಮ ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡಿದ ಹಾಗೆ. ಟೊಲೆದೋ ಇಲ್ಲಾ ಮ್ಯೂಸಿಯಂ ಕಡೆ ನೋಡಿ. ಅಪ್ಪ-ಅಮ್ಮನ ವಿಷಯದಲ್ಲಿ ನಾನು ಹೆದರೋದು ಕಳ್ಳರಿಗಲ್ಲ, ಸ್ಕೂಟರ್‌ಗಳಿಗೆ. ಹಳೇ ಊರಿನ ಗಲ್ಲಿಗಳಲ್ಲಿ ಪಕ್ಕದಲ್ಲೇ ಸುಯ್ ಅಂತ ಹೋಗುತ್ತವೆ. ಬ್ಯಾಗ್ ಗೋಡೆ ಕಡೆ ಇರಲಿ, ಕತ್ತಿನ ಚಿನ್ನ ಮನೆಯಲ್ಲೇ ಇರಲಿ. ರೋಮ್‌ನಲ್ಲಿ ಟರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗೋ 64ನೇ ನಂಬರ್ ಬಸ್ಸಿನಲ್ಲೂ ಜೇಬುಗಳ್ಳರ ಬಗ್ಗೆ ಹುಷಾರು ಬೇಕು.

ಊಟಕ್ಕೆ ಯೋಚನೆ ಬೇಡ. ಮರಿನಾರಾ ಪಿಜ್ಜಾ ಕೇಳಿ: ಟೊಮೇಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಹೆಸರು ಸಮುದ್ರದ್ದು, ಒಳಗೆ ಮೀನಿಲ್ಲ, ಚೀಸೂ ಇಲ್ಲ. ಮೆನುವಿನಲ್ಲಿ ಪೆಪೆರೋನಿ ಅಂತಿದ್ದರೆ ಗಾಬರಿಯಾಗಬೇಡಿ, ಅಲ್ಲಿ ಅದು ದಪ್ಪ ಮೆಣಸಿನಕಾಯಿ. ಮೋಸ ಹೋಗೋದು ರೋಮ್‌ನಲ್ಲಿ. ಅಲ್ಲಿ ಹೂವಿನ ಬಜ್ಜಿ ಸಿಗುತ್ತೆ, ಫಿಯೋರಿ ದಿ ಜುಕ್ಕಾ ಅಂತ. ನೋಡೋಕೆ ನಮ್ಮ ಕುಂಬಳ ಹೂವಿನ ಬಜ್ಜಿನೇ. ಅಪ್ಪ ಖುಷಿಯಾಗಿ ಬಾಯಿಗೆ ಇಡೋದರಲ್ಲಿದ್ದರು, ಪಕ್ಕದ ಟೇಬಲ್ಲಿನವರು ಅಮ್ಮನ ಸೀರೆ ನೋಡಿ ಏನನ್ನಿಸಿತೋ, ಕೈ ತೋರಿಸಿ "ಅಲೀಚಿ, ಅಲೀಚಿ" ಅಂದರು. ಬಿಡಿಸಿ ನೋಡಿದರೆ ಚೀಸ್ ಮಧ್ಯೆ ಬೆಳ್ಳಗೆ ಸಣ್ಣ ಮೀನು. ಅಲೀಚಿ, ಅಚ್ಚೂಗೆ, ಈ ಎರಡು ಪದ ನೆನಪಿಟ್ಟುಕೊಳ್ಳಿ, ಎರಡೂ ಆ ಮೀನಿನ ಹೆಸರೇ. ಕಾಫಿ ಕೌಂಟರಿನಲ್ಲಿ ನಿಂತೇ ಕುಡಿಯಿರಿ, ಕೂತರೆ ಜಾಸ್ತಿ ಬಿಲ್ ಮಾಡುತ್ತಾರೆ.

ನೇಪಲ್ಸ್ ಮ್ಯೂಸಿಯಂಗೆ ಮಂಗಳವಾರ ರಜೆ, ನೋಡಿಕೊಂಡು ಬುಕ್ ಮಾಡಿ. ಲಂಗದ ಜೇಬಿನ ಅಳತೆ ಬೇಕಿದ್ದರೆ ಕೇಳಿ, ಅಮ್ಮನ ಹತ್ತಿರ ತೆಗೆಸಿ ಕಳಿಸುತ್ತೇನೆ.