‘ಕಮಲ’ ಪಾಸ್, ‘ಸರಳಾ’ ಫೇಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನು ಪೈಥಾನಿನ ಪೈಡ್ಯಾಂಟಿಕ್ ಲೈಬ್ರರಿಯಿಂದ ತಪಾಸಣೆ ಮಾಡುತ್ತಿದ್ದೇನೆ. ಹೆಸರಿನಲ್ಲಿ ಅಂಕಿ, ಚಿಹ್ನೆ ನುಸುಳದಿರಲಿ ಎಂದು ಬರೀ ಅಕ್ಷರಗಳೇ ಇವೆಯೇ ಎಂದು ನೋಡುವ ‘ಈಸ್‌ಆಲ್ಫಾ’ (isalpha) ಹಾಕಿದೆ. ‘ಕಮಲ’ ಪಾಸಾಗುತ್ತದೆ, ‘ಸರಳಾ’ ಆಗುವುದಿಲ್ಲ. ನೋಡಲು ಒಂದೇ ಇರುವ ಕೆಲವು ಹೆಸರುಗಳು ಎರಡೆರಡು ಸಲ ಉಳಿದುಬಿಟ್ಟಿವೆ. ಏನು ಮಾಡಲಿ ಸರ್?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ತಕರಾರು ಆ ಕೊನೆಯ ದೀರ್ಘದ್ದು. ಯೂನಿಕೋಡಿನ ಲೆಕ್ಕದಲ್ಲಿ ಕ, ಮ, ಲ ಇವು ‘ಲೆಟರ್’; ಕಾಗುಣಿತದ ಗುರುತುಗಳೂ ಒತ್ತಕ್ಷರ ಕೂಡಿಸುವ ವಿರಾಮವೂ ‘ಮಾರ್ಕ್’ ಎಂಬ ಬೇರೆ ವರ್ಗ. ಈಸ್‌ಆಲ್ಫಾ ಲೆಟರ್‌ಗಳನ್ನಷ್ಟೇ ಒಪ್ಪುತ್ತದೆ. ಅಂದರೆ ಕಾಗುಣಿತವೇ ಇಲ್ಲದ ಹೆಸರುಗಳಿಗೆ ಮಾತ್ರ ಪ್ರವೇಶ!

ಅದನ್ನು ತೆಗೆದು ರೆಜೆಕ್ಸ್ (ಅಕ್ಷರಗಳ ವಿನ್ಯಾಸವನ್ನು ಹೊಂದಿಸಿ ನೋಡುವ ಸೂತ್ರ) ಬರೆಯಿರಿ, ಆದರೆ ಅದನ್ನು ಓಡಿಸುವುದು ಯಾವ ಎಂಜಿನ್ ಎಂಬುದನ್ನು ಗಮನಿಸಿ. ಪದದ ಅಕ್ಷರವನ್ನು ಸೂಚಿಸುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ (\w) ಪೈಥಾನಿನ ಸ್ವಂತ ರೆಜೆಕ್ಸ್ ಮಾಡ್ಯೂಲ್ ‘ಆರ್‌ಇ’ಯಲ್ಲಿ ಕಾಗುಣಿತವನ್ನು ಒಪ್ಪುವುದಿಲ್ಲ. ಪೈಡ್ಯಾಂಟಿಕ್ 2ರ ‘ಫೀಲ್ಡ್ ಪ್ಯಾಟರ್ನ್’ ಓಡುವುದು ರಸ್ಟ್ ಎಂಜಿನ್ ಮೇಲೆ. ಅಲ್ಲಿ ಅದೇ ಪ್ಯಾಟರ್ನ್ ಪಾಸು. ಲೆಟರ್, ಮಾರ್ಕ್ ಎರಡೂ ವರ್ಗಗಳನ್ನು ಹೆಸರಿಸಿ ಬರೆದರೂ ರಸ್ಟ್‌ಗೆ ಅರ್ಥವಾಗುತ್ತದೆ, ‘ಆರ್‌ಇ’ಗೆ ಆಗುವುದಿಲ್ಲ. ರಸ್ಟ್‌ನಲ್ಲಿ ‘ಲುಕ್‌ಅಹೆಡ್’ (ಮುಂದೇನಿದೆ ಎಂದು ಇಣುಕಿ ನೋಡುವುದು) ಇಲ್ಲವೆಂದು ಕಾನ್ಫಿಗ್‌ನಲ್ಲಿ ಎಂಜಿನ್ ಬದಲಿಸಿದಿರೋ, ಈ ಸೌಲಭ್ಯವೂ ಹೋಯಿತು. ಸ್ಪೇಸ್ ಮತ್ತು ಚುಕ್ಕೆಯ ಜತೆಗೆ ‘ಜೀರೋ ವಿಡ್ತ್ ನಾನ್‌ಜಾಯ್ನರ್’ ಅನ್ನೂ ಸೇರಿಸಿ. ‘ವಿನೋದ್‌ಕುಮಾರ್’ನಲ್ಲಿ ‘ದ್’ಗೆ ‘ಕು’ ಒತ್ತಾಗದಂತೆ ತಡೆಯುವುದು ಕಣ್ಣಿಗೆ ಕಾಣದ ಆ ಸಂಕೇತವೇ. ಅದು ಲೆಟರೂ ಅಲ್ಲ, ಮಾರ್ಕೂ ಅಲ್ಲ.

ಎರಡೆರಡು ಹೆಸರುಗಳಿಗೂ ಕಾರಣ ಇಲ್ಲೇ ಇದೆ. ‘ಗೋಪಾಲ’ದ ಓತ್ವ ಒಂದೇ ಸಂಕೇತವಾಗಿರಬಹುದು, ಮೂರು ತುಂಡುಗಳಾಗಿಯೂ ಇರಬಹುದು, ಪರದೆಯ ಮೇಲೆ ಭೇದವಿಲ್ಲ. ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ಗೆ ತುಂಡುಗಳನ್ನು ಕೂಡಿಸುವ ‘ಎನ್‌ಎಫ್‌ಸಿ’ ರೂಪ ಕೊಟ್ಟರೆ ಒಂದಾಗುತ್ತವೆ. ನಾನ್‌ಜಾಯ್ನರ್ ಮಾತ್ರ ಉಳಿಯುತ್ತದೆ. ಹೋಲಿಸಲೆಂದು ಮಾಡಿಕೊಂಡ ಪ್ರತಿಯಿಂದ (ಕೀ) ಅದನ್ನು ತೆಗೆಯಿರಿ, ಮೂಲ ಹೆಸರಿನಿಂದ ಬೇಡ. ನಾರ್ಮಲೈಸ್ ಮಾಡುವ ಕೆಲಸ ಪೈಡ್ಯಾಂಟಿಕ್‌ನ ‘ಫೀಲ್ಡ್ ವ್ಯಾಲಿಡೇಟರ್’ನ (ನಾವೇ ಬರೆಯುವ ತಪಾಸಣೆ) ‘ಬಿಫೋರ್’ ಮೋಡ್‌ನಲ್ಲೇ ನಡೆಯಬೇಕು. ‘ಆಫ್ಟರ್’ನಲ್ಲಿ ಇಟ್ಟರೆ ಉದ್ದ, ಪ್ಯಾಟರ್ನ್ ತಪಾಸಣೆ ಆಗಲೇ ಮುಗಿದಿರುತ್ತದೆ. ಬಿಫೋರ್‌ಗೆ ಕಚ್ಚಾ ಮಾಲು ಬರುವುದರಿಂದ ಮೊದಲು ಅದು ಸ್ಟ್ರಿಂಗ್ ಹೌದೇ ಎಂದು ನೋಡಿಕೊಳ್ಳಿ.

ನೀವು ಕೇಳದಿದ್ದರೂ ಇನ್ನೊಂದು: ‘ಲಕ್ಷ್ಮಿ’ ನಮಗೆ ಎರಡಕ್ಷರ, ಉದ್ದದ ಮಿತಿ ಹಾಕುವ ‘ಮ್ಯಾಕ್ಸ್ ಲೆಂಗ್ತ್’ಗೆ 7 ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಇಂಗ್ಲಿಷ್ ಹೆಸರಿಗೆಂದು ಇಟ್ಟ 20ರ ಮಿತಿ ಕನ್ನಡದ ಪೂರ್ತಿ ಹೆಸರಿಗೆ ಸಾಲದೆ ಹೋಗಬಹುದು.

ಪ್ರಶ್ನೆ: ಸಿಎಸ್‌ವಿ ಫೈಲನ್ನು ಪೈಥಾನಿನ ಪಾಂಡಾಸ್ ಲೈಬ್ರರಿಯಲ್ಲಿ ಓದಿದಾಗ ಎಸ್‌ಟಿಡಿ ಕೋಡ್ 020 ಹೋಗಿ 20 ಆಗುತ್ತದೆ, ಮೊಬೈಲ್ ಸಂಖ್ಯೆಯ ಬಾಲಕ್ಕೆ ‘.0’ ಅಂಟಿಕೊಳ್ಳುತ್ತದೆ. ಪೈಡ್ಯಾಂಟಿಕ್ 2ಕ್ಕೆ ಬಂದ ಮೇಲೆ ಸ್ಟ್ರಿಂಗ್ ಅಲ್ಲವೆಂಬ ಎರರ್ ಬೇರೆ.
– ಓದುಗರೊಬ್ಬರು, ಚಿಂಚ್‌ವಡ್, ಪುಣೆ

ಉತ್ತರ: ಒಂದು ಖಾಲಿ ಸೆಲ್ ಇದ್ದರೂ ಸಾಕು, ಪಾಂಡಾಸ್ ಇಡೀ ಸಂಖ್ಯೆಯ ಕಾಲಮ್ಮನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡುತ್ತದೆ. ‘.0’ ಬಂದದ್ದು ಹೀಗೆ. ಪೈಡ್ಯಾಂಟಿಕ್‌ನ 1ನೇ ಆವೃತ್ತಿ ಸಂಖ್ಯೆಯನ್ನು ಸದ್ದಿಲ್ಲದೆ ಸ್ಟ್ರಿಂಗ್ ಮಾಡಿಬಿಡುತ್ತಿತ್ತು. 2023ರಲ್ಲಿ ಬಂದ 2ನೆಯದು ಮಾಡುವುದಿಲ್ಲ. ಹಳೆಯ ನಡವಳಿಕೆ ಮರಳಿಸುವ ಕಾನ್ಫಿಗ್ ಇದೆ, ಬಳಸಬೇಡಿ: ಎರರ್ ಮಾಯವಾಗುತ್ತದೆ, ‘.0’ ಡೇಟಾಬೇಸ್ ಸೇರುತ್ತದೆ. ‘ರೀಡ್ ಸಿಎಸ್‌ವಿ’ಯಲ್ಲೇ ‘ಡಿಟೈಪ್’ (ಕಾಲಮ್ಮಿನ ಬಗೆ) ಅನ್ನು ಸ್ಟ್ರಿಂಗ್ ಎಂದೂ ‘ಕೀಪ್ ಡಿಫಾಲ್ಟ್ ಎನ್‌ಎ’ಯನ್ನು ಫಾಲ್ಸ್ ಎಂದೂ ಕೊಡಿ. ಖಾಲಿ ಸೆಲ್ ಆಗ ಖಾಲಿ ಸ್ಟ್ರಿಂಗ್ ಆಗಿ ಬರುತ್ತದೆ. ಬಿಫೋರ್ ವ್ಯಾಲಿಡೇಟರ್‌ನಲ್ಲಿ ಅದನ್ನು ‘ನನ್’ (None, ಅಂದರೆ ಮೌಲ್ಯವೇ ಇಲ್ಲ) ಮಾಡಿ. 2ನೇ ಆವೃತ್ತಿಯಲ್ಲಿ ‘ಆಪ್ಷನಲ್’ ಎಂದರೆ ನನ್ ನಡೆಯುತ್ತದೆ ಎಂದಷ್ಟೇ. ಕಾಲಮ್ಮೇ ಇಲ್ಲದಿದ್ದರೂ ನಡೆಯಬೇಕೆಂದರೆ ಡಿಫಾಲ್ಟ್ ಕೊಡಲೇಬೇಕು.

ನಿಮ್ಮ ಕಡೆ ಮರಾಠಿಯಲ್ಲಿ ತುಂಬಿದ ಫಾರ್ಮುಗಳೂ ಬರುತ್ತವಲ್ಲ, ಅಂಕಿಯನ್ನು ಗುರುತಿಸುವ ‘ಬ್ಯಾಕ್‌ಸ್ಲ್ಯಾಶ್ ಡಿ’ (\d) ನಂಬಬೇಡಿ. ಅದು ದೇವನಾಗರಿಯ ९ನ್ನೂ ಕನ್ನಡದ ೯ನ್ನೂ ಅಂಕಿಯೆಂದೇ ಒಪ್ಪುತ್ತದೆ. ಎನ್‌ಎಫ್‌ಸಿಯಂಥದೇ ಇನ್ನೊಂದು ರೂಪವಾದ ಎನ್‌ಎಫ್‌ಕೆಸಿ ಕೂಡ ಇವನ್ನು ಬದಲಿಸುವುದಿಲ್ಲ. ‘ಟ್ರಾನ್ಸ್‌ಲೇಟ್’ ಕೋಷ್ಟಕದಿಂದ 0–9ಕ್ಕೆ ತಂದು, +91 ಹಾಗೂ ಮುಂದಿನ ಸೊನ್ನೆ ತೆಗೆದು, ಆಮೇಲೆ ‘ಮೊದಲ ಅಂಕಿ [6-9], ಉಳಿದ ಒಂಬತ್ತು [0-9]’ ಎಂದು ತಪಾಸಿಸಿ.

ಪ್ರಶ್ನೆ: ಟೈಪ್‌ಸ್ಕ್ರಿಪ್ಟ್‌ನ ತಪಾಸಣೆ ಲೈಬ್ರರಿ ಜಾಡ್‌ನಲ್ಲಿ (Zod) ‘ಊಟ ಬೇಕೇ?’ ಎಂಬುದಕ್ಕೆ ಫಾರ್ಮ್ ‘ಫಾಲ್ಸ್’ ಕಳಿಸಿದರೂ ‘ಟ್ರೂ’ ಆಗುತ್ತಿದೆ.
– ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಬಂದದ್ದನ್ನು ಬಲವಂತವಾಗಿ ಟ್ರೂ ಅಥವಾ ಫಾಲ್ಸ್ ಮಾಡುವ ‘ಕೋಅರ್ಸ್ ಬೂಲಿಯನ್’ ಬಳಸಿದ್ದೀರಿ. ಖಾಲಿಯಲ್ಲದ ಸ್ಟ್ರಿಂಗ್ ಎಲ್ಲವೂ ಜಾವಾಸ್ಕ್ರಿಪ್ಟ್‌ಗೆ ಟ್ರೂ, ‘ಫಾಲ್ಸ್’ ಎಂಬ ಸ್ಟ್ರಿಂಗ್ ಸಹ. ಎರಡೇ ಪದಗಳ ‘ಈನಮ್’ (ಒಪ್ಪುವ ಪದಗಳ ಪಟ್ಟಿ) ಇಟ್ಟು ‘ಟ್ರಾನ್ಸ್‌ಫಾರ್ಮ್’ನಲ್ಲಿ ಹೋಲಿಸಿ, ಜಾಡ್ 4 ಆದರೆ ‘ಸ್ಟ್ರಿಂಗ್‌ಬೂಲ್’ ಇದೆ. ‘ಎಷ್ಟು ಜನ?’ ಎಂಬಲ್ಲಿ ‘ಕೋಅರ್ಸ್ ನಂಬರ್’ ಇದ್ದರೆ ಅದನ್ನೂ ನೋಡಿ: ಖಾಲಿ ಬಿಟ್ಟವರೆಲ್ಲ 0 ಜನ ಎಂದು ದಾಖಲಾಗಿರುತ್ತಾರೆ.